ಬನದ ಪಂಚಾಂಗ

(ವಾರ್ಷಿಕ ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪಂಚಾಂಗವೆಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳು. ಅದನ್ನು ನೋಡಿ ಉತ್ಸವದ ದಿನವನ್ನೂ ಮುಹೂರ್ತವನ್ನೂ ನಿಶ್ಚಯಿಸುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಕುಂಬಳೆ ಸೀಮೆಯ ಕೃಷಿಕರ ಮನೆಗಳಲ್ಲಿ ಅಚ್ಚಾಗದ ಇನ್ನೊಂದು ಪಂಚಾಂಗವೂ ಇತ್ತು. ಮರ, ಹಕ್ಕಿ, ಕಪ್ಪೆ, ಹುಳ, ಹಾವುಗಳೇ ಅದರ ಪುಟಗಳು. ಬಿತ್ತನೆಯ ಕಾಲ, ತೋಡಿಗೆ ಕಟ್ಟ ಹಾಕುವ ಕಾಲ, ಒಲೆಗೆ ಕಟ್ಟಿಗೆ ಕೂಡಿಡುವ ಕಾಲ ಎಲ್ಲವನ್ನೂ ಹಿರಿಯರು ಅದನ್ನು ನೋಡಿಯೇ ತಿಳಿಯುತ್ತಿದ್ದರು. ಇಂದು ಆ ಪಂಚಾಂಗವನ್ನು ಓದುವವರು ಕಡಿಮೆಯಾಗಿದ್ದಾರೆ. ಪುಟಗಳೂ ಒಂದೊಂದಾಗಿ ಹರಿದು ಹೋಗುತ್ತಿವೆ.

ಮೊದಲು ಪಗ್ಗು ತಿಂಗಳಿನಿಂದ ನೋಡೋಣ. ಬಿಸು ಕಣಿಗೆ ಕೊಂದೆ ಹೂ ಬೇಕು. ಹಿಂದೆ ಬಿಸುವಿನ ವಾರದಲ್ಲಿ ಗುಡ್ಡೆಯ ಕೊಂದೆ ಮರಗಳು ಎಲೆ ಕಾಣದಂತೆ ಹಳದಿಯಾಗುತ್ತಿದ್ದವು. ಈಚಿನ ವರ್ಷಗಳಲ್ಲಿ ಕೇರಳದ ಹಲವೆಡೆ ಫೆಬ್ರವರಿ, ಮಾರ್ಚಿನಲ್ಲೇ ಹೂ ಬಿಟ್ಟು, ಬಿಸುವಿನ ಹೊತ್ತಿಗೆ ಉದುರಿರುತ್ತದೆ. ಪೇಟೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೊಂದೆ ಹೂವಿನ ಗೊಂಚಲು ಮಾರಾಟಕ್ಕೆ ಬಂದಿದೆ. ಕಣಿಯ ತಟ್ಟೆಯಲ್ಲಿ ಪ್ಲಾಸ್ಟಿಕ್ ಹೂ ಏರಿತೆಂದರೆ ಋತುವಿನ ಲೆಕ್ಕದಲ್ಲಿ ಎಲ್ಲೋ ವ್ಯತ್ಯಾಸವಾಗಿದೆ ಎಂದೇ ಅರ್ಥ.

ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಅಂದಿಗೆ ಉತ್ಸವ, ಕೋಲಗಳು ಮುಗಿಯುತ್ತವೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮೇ 24ರ ಆಸುಪಾಸಿಗೆ ಬರುವ ಈ ದಿನವನ್ನು ಹಿರಿಯರು ಸುಮ್ಮನೆ ಗೊತ್ತು ಮಾಡಿದ್ದಲ್ಲ. ಅದರ ಹಿಂದುಮುಂದಿನ ರಾತ್ರಿಗಳಲ್ಲಿ ತೋಡಿನ ಬದಿಯ ಮರಗಳಲ್ಲಿ ಮಿಣುಕುಹುಳಗಳು ಸೇರುತ್ತವೆ. ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಏಳುತ್ತದೆ. ಮೊದಲ ಮಳೆಗೆ ಗದ್ದೆಯಲ್ಲಿ ಕಪ್ಪೆಗಳ ಕೂಗು ತೊಡಗುತ್ತದೆ, ಹೊಳೆಯ ಮೀನು ಮೊಟ್ಟೆಯಿಡಲು ಬೈಲಿಗೆ ಏರುತ್ತದೆ. ಕೇರಳಕ್ಕೆ ಮುಂಗಾರು ತಲಪುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಹೀಗೆ ಮಳೆಯೇ ಹಿಂದೆಮುಂದೆ ಆಗುವಾಗ ಕಪ್ಪೆ, ಗೆದ್ದಲುಗಳ ಸೂಚನೆಯನ್ನು ಗಮನಿಸುವವರು ಊರಿಗೆ ಹೆಚ್ಚು ಬೇಕು. ಆದರೆ ಈಗಲೇ ಅಂಥವರು ಕಡಿಮೆ.

ಆಟಿ ಅಮಾವಾಸ್ಯೆಯಂದು ಬೆಳಗ್ಗೆ ಬರಿಹೊಟ್ಟೆಗೆ ಪಾಲೆ ಮರದ ಕಷಾಯ ಕುಡಿಯುವ ಕ್ರಮ ಇಂದಿಗೂ ಇದೆ. ಸೂರ್ಯ ಮೂಡುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಕತ್ತಲಲ್ಲಿ ಮರದ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಅದರಲ್ಲಿರುವುದು ಕಡು ವಿಷ. ಆದ್ದರಿಂದ ಹಿಂದಿನವರು ಹಗಲಿನಲ್ಲೇ ಹೋಗಿ ಮರವನ್ನು ಗೊತ್ತು ಮಾಡಿಟ್ಟು ಬರುತ್ತಿದ್ದರು. ಮರದ ಗುರುತು ಮನೆಯ ಎಲ್ಲರಿಗೂ ಇರಬೇಕಾದ ಜ್ಞಾನವಾಗಿತ್ತು.

ಕಾಸರಕ ವಿಷದ ಮರವೆಂದು ಕಡಿದು ಹಾಕುವಂಥದ್ದಲ್ಲ. ಅದರ ಕಿತ್ತಳೆ ಬಣ್ಣದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿಗಳು ತಿನ್ನುತ್ತವೆ. ಕಾಸರಗೋಡು ಎಂಬ ಹೆಸರೇ ಈ ಮರದಿಂದ ಬಂತೆಂದು ಹೇಳುವುದುಂಟು. 2023ರಲ್ಲಿ ಈ ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಅಧಿಕೃತವಾಗಿ ಘೋಷಿಸಿತು. ಭಾರತದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ಇದು. ಮರ ಕಾಸರಕ, ಹಕ್ಕಿ ಕಡಲತೀರದ ಬಿಳಿ ಹೊಟ್ಟೆಯ ಗಿಡುಗ, ಪ್ರಾಣಿ ಚಂದ್ರಗಿರಿ ಹೊಳೆಯ ಮೆದುಚಿಪ್ಪಿನ ದೊಡ್ಡ ಆಮೆ, ಹೂ ಪೆರಿಯದ ತೋಡುಗಳಲ್ಲಿ ಅರಳುವ ಬಿಳಿಯ ನೀರುಹೂ. ಸರಕಾರ ಘೋಷಿಸಿದ್ದು ಸಂತೋಷ. ಅವನ್ನು ಉಳಿಸಬೇಕಾದವರು ಊರಿನವರು.

ಸೋಣ ತಿಂಗಳಲ್ಲಿ ಮುರಕಲ್ಲಿನ ಪದವುಗಳನ್ನು ನೋಡಬೇಕು. ಬೇಸಗೆಯಲ್ಲಿ ಕಾದ ಕಾವಲಿಯಂತಿದ್ದ ಬೋಳು ಪಾರೆ, ಮಳೆಯ ನೀರು ನಿಂತಾಗ ನೀಲಿ, ಬಿಳಿ ಹೂಗಳ ಜಮಖಾನವಾಗುತ್ತದೆ. ಆ ನೀಲಿ ಹೂವಿನ ಪುಟ್ಟ ಗಿಡ ತನ್ನ ಸಣ್ಣ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ಬದುಕುತ್ತದೆ. ನವರಾತ್ರಿಯ ಹೊತ್ತಿಗೆ ಅಂಗಳದ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳ ಗುಂಪು ಹಾರುತ್ತದೆ. ಅಂಗೈಯೊಳಗೆ ಅಡಗುವಷ್ಟು ಸಣ್ಣ ಈ ಕೀಟ ಕಡಲು ದಾಟಿ ಆಫ್ರಿಕದವರೆಗೆ ಹೋಗುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ.

ಈ ಪದವು ಬರಿಯ ಬಂಜರು ಭೂಮಿಯೆಂದು ತಿಳಿದವರಿದ್ದಾರೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಕೆಳಗಿನ ಸುರಂಗ, ಬಾವಿ, ದೇವಸ್ಥಾನದ ಕೆರೆಗಳಿಗೆ ಮೆಲ್ಲಮೆಲ್ಲನೆ ಬರುತ್ತದೆ. ಪೊಯಿಂತೆಲ್ ತಿಂಗಳ ಕೊನೆಯಲ್ಲಿ ಕೆಡ್ಡಸ ಬಂದಾಗ ಮೂರು ದಿನ ಭೂಮಿ ಅಗೆಯಬಾರದೆಂದು ಹಾರೆ, ಪಿಕ್ಕಾಸಿಗೂ ವಿಶ್ರಾಂತಿ ಕೊಟ್ಟ ನಾಡು ಇದು. ಈಗ ಕಲ್ಲು ಕೊಯ್ಯುವ ಯಂತ್ರಕ್ಕೆ ಕೆಡ್ಡಸವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಮನೆ ಕಟ್ಟಲು ಕಲ್ಲು ಬೇಕು, ಅದು ನಿಜ. ಆದರೆ ಮೇಲಿನ ಪದವನ್ನು ಪೂರ್ತಿ ಕೊಯ್ದ ಮೇಲೆ ಕೆಳಗಿನ ಕೆರೆಯಲ್ಲಿ ಅವಭೃಥದ ಸ್ನಾನಕ್ಕೆ ನೀರು ಎಲ್ಲಿಂದ ಬರಬೇಕು?

ಇನ್ನು ನವಿಲಿನ ವಿಚಾರ. 1933ರಲ್ಲಿ ಸಲೀಂ ಅಲಿಯವರು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಪಕ್ಷಿ ಸಮೀಕ್ಷೆ ನಡೆಸಿದಾಗ ಅವರ ಪಟ್ಟಿಯಲ್ಲಿ ನವಿಲು ಇರಲಿಲ್ಲ. ಈಗ ಕೇರಳದ ಉದ್ದಕ್ಕೂ, ಕಾಸರಗೋಡಿನ ಗುಡ್ಡೆಗಳಲ್ಲೂ ನವಿಲು ಕೂಗುತ್ತದೆ. ಸುಬ್ರಹ್ಮಣ್ಯನ ವಾಹನ ಮನೆಯಂಗಳಕ್ಕೆ ಬಂತೆಂದು ಭಕ್ತರಿಗೆ ಸಂತೋಷವೇ. ಆದರೆ ಅದು ಒಣ ಭೂಮಿಯನ್ನು ಬಯಸುವ ಹಕ್ಕಿ. ಒದ್ದೆ ನಾಡು ಒಣಗುತ್ತಿರುವುದರ ಸೂಚನೆ ಇದೆಂದು ತಿಳಿದವರು ಎಚ್ಚರಿಸುತ್ತಾರೆ.

ಇಂಥ ಸೂಚನೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. ಇದೇ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮನುಷ್ಯರ ಕಾಯಿಲೆ ಲೋಕಕ್ಕೆ ತಿಳಿಯುವ ಎಷ್ಟೋ ಮೊದಲು ಜೇನುನೊಣ, ಮೀನು, ಕಪ್ಪೆಗಳು ಸತ್ತಿದ್ದವು. ಅಂಗವೈಕಲ್ಯದ ಕರುಗಳು ಹುಟ್ಟಿದ್ದವು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಎಣ್ಮಕಜೆಯ ಪಡ್ರೆಯಂಥ ಊರುಗಳ ತಾಯಂದಿರು ಇಂದಿಗೂ ಆ ಹೊರೆಯನ್ನು ಹೊತ್ತಿದ್ದಾರೆ. ಬಾಯಿಲ್ಲದ ಜೀವಿಗಳು ಮೊದಲೇ ಹೇಳಿದ್ದವು, ಕೇಳಿಸಿಕೊಂಡವರು ಕೆಲವರೇ.

ಭಕ್ತರೇ, ಈ ಪಂಚಾಂಗದ ಹೆಚ್ಚಿನ ಪುಟಗಳು ಇಂದು ಉಳಿದಿರುವುದು ನಾಗಬನಗಳಲ್ಲಿ. ಪಾಲೆ, ರೆಂಜೆ, ನೇರಳೆ, ಬೈನೆ, ಕೇಪಳ ಎಲ್ಲವೂ ಅಲ್ಲಿವೆ. ಚಳಿಗಾಲದಲ್ಲಿ ಉತ್ತರ ಭಾರತದಿಂದ ನವರಂಗ ಎಂಬ ಹಕ್ಕಿ ಈ ಕಡೆಗೆ ಬಂದು ಬನದಲ್ಲಿ ಬಿಡಾರ ಹೂಡುತ್ತದೆ. ಒಣಗಿದ ಎಲೆಗಳನ್ನು ಕೆದಕಿ ಹುಳ ಹೆಕ್ಕುವುದು ಅದರ ಜೀವನ. ನಾಗನಿಗೂ ಆ ಎಲೆ, ಹುತ್ತ, ತಂಪು ಬೇಕು. ಬನದ ಹಾವು, ಗೂಬೆಗಳು ಬೈಲಿನ ಇಲಿಗಳನ್ನು ಅಂಕೆಯಲ್ಲಿಡುತ್ತವೆ.

ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಏನು ನಡೆಯುತ್ತಿದೆ? ಮರ ಕಡಿದು, ಹುತ್ತ ಸಮ ಮಾಡಿ, ಕಾಂಕ್ರೀಟ್ ಸುರಿದು, ಇಂಟರ್‌ಲಾಕ್ ಹಾಸಿ, ನಡುವಿನಲ್ಲಿ ಗ್ರಾನೈಟಿನ ನಾಗನ ಕಟ್ಟೆ ಕಟ್ಟುವುದು ಎಲ್ಲ ಕಡೆ ರೂಢಿಯಾಗಿದೆ. ಹಾಗೆ ಮಾಡಿದವರ ಭಕ್ತಿಯಲ್ಲಿ ಕೊರತೆಯಿಲ್ಲ. ಮಳೆಗಾಲದಲ್ಲಿ ಜಾರುತ್ತದೆ, ಎಲೆ ಗುಡಿಸಿ ಮುಗಿಯುವುದಿಲ್ಲ, ವಯಸ್ಸಾದವರಿಗೆ ನಡೆಯಲಾಗುವುದಿಲ್ಲ ಎಂಬ ಕಾರಣಗಳೂ ಸುಳ್ಳಲ್ಲ. ಅದಕ್ಕೆ ಉಪಾಯ ಸುಲಭ. ದೀಪ ಇಡುವ ಕಟ್ಟೆಗೂ ಅಲ್ಲಿಗೆ ಹೋಗುವ ಕಾಲುದಾರಿಗೂ ಮಾತ್ರ ಕಲ್ಲು ಹಾಸಿದರೆ ಸಾಕು. ಉಳಿದ ನೆಲವನ್ನು ಗುಡಿಸದೆ, ಕಡಿಯದೆ, ಇದ್ದಂತೆ ಬಿಡಬೇಕು. ಖರ್ಚೂ ಕಡಿಮೆ. ನಾಗನಿಗೆ ಬನವೆಂದು ಹಿರಿಯರು ಬಿಟ್ಟ ಜಾಗದಲ್ಲಿ ನಾಗರಹಾವಿಗೇ ಜಾಗವಿಲ್ಲದಂತಾದರೆ ಸೇವೆ ಯಾರಿಗೆ ಸಂದಂತಾಯಿತು?

ಕುಂಬಳೆ ಸಮೀಪದ ಅನಂತಪುರದ ಸರೋವರ ಕ್ಷೇತ್ರದ ಬಬಿಯಾ ಎಂಬ ಮೊಸಳೆಯನ್ನು ಅರಿಯದವರಿಲ್ಲ. ದಶಕಗಳ ಕಾಲ ದೇವರ ನೈವೇದ್ಯ ಸ್ವೀಕರಿಸಿ, 2022ರ ಅಕ್ಟೋಬರ್ 9ರಂದು ಅದು ಅಸುನೀಗಿದಾಗ ಸಹಸ್ರಾರು ಜನ ಕಣ್ಣೀರಿಟ್ಟರು. 2023ರ ನವೆಂಬರಿನಲ್ಲಿ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಭಕ್ತರು ಅದನ್ನು ದೇವರ ಕೃಪೆ ಎಂದರು. ನೀರನ್ನೂ ಗುಹೆಯನ್ನೂ ಕೆಡಿಸದೆ ಉಳಿಸಿದ್ದರಿಂದ ಆ ಕೃಪೆಗೆ ಇಳಿದು ಬರಲು ಸ್ಥಳವಿತ್ತು ಎಂಬುದನ್ನೂ ಮರೆಯಬಾರದು.

ಕೊನೆಯದಾಗಿ ಒಂದು ವಿನಂತಿ. ಅಂಗಡಿಯಲ್ಲಿ ದಿನದ ಲೆಕ್ಕ ಬರೆಯದಿದ್ದರೆ ಲಾಭವೂ ತಿಳಿಯದು, ನಷ್ಟವೂ ತಿಳಿಯದು. ದೇವಸ್ಥಾನದ ಕಚೇರಿಯಲ್ಲಿ ಕಾಣಿಕೆಯ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇರಲಿ. ಕೊಂದೆ ಅರಳಿದ ದಿನ, ಮೊದಲ ಕಪ್ಪೆ ಕೂಗಿದ ರಾತ್ರಿ, ನವರಂಗ ಬಂದ ದಿನ, ಕೆರೆಯ ನೀರು ಎಷ್ಟನೇ ಮೆಟ್ಟಿಲಿಗೆ ಇಳಿಯಿತೆಂಬುದು, ಇಷ್ಟನ್ನು ಊರಿನ ಶಾಲೆಯ ಮಕ್ಕಳು ಬರೆಯಲಿ. ಅಜ್ಜ ಅಜ್ಜಿಯಂದಿರು ಗುರುತು ಹೇಳಿಕೊಡಲಿ. ಹತ್ತು ವರ್ಷಗಳ ಬಳಿಕ ಬನದಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಯಾರೂ ಊಹಿಸಬೇಕಾಗಿಲ್ಲ. ಪುಸ್ತಕ ತೆರೆದರೆ ಕಾಣುತ್ತದೆ.

ಬನವನ್ನು ಬನವಾಗಿಯೇ ಉಳಿಸುವ ಬುದ್ಧಿಯನ್ನು ಶ್ರೀ ದೇವರು ಎಲ್ಲರಿಗೂ ಕರುಣಿಸಲಿ. ಸಮಸ್ತರಿಗೂ ಸನ್ಮಂಗಳವಾಗಲಿ.