ಅಷ್ಟು ದಿನ ಅವರೇನು ಮಾಡ್ತಿದ್ರು?

ಹೋದ ಮಳೆಗಾಲದಲ್ಲಿ ನಮ್ಮಕ್ಕ ಮಲೇಬೆನ್ನೂರಿನಿಂದ ದಾವಣಗೆರೆಗೆ ಬಂದಿದ್ದಳು. ಬಂದವಳೇ ಚೀಲದಿಂದ ಫೋನ್ ತೆಗೆದು ನನ್ನ ಕೈಗಿಟ್ಟಳು. ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. ನಿಮ್ಮ ಫೋನಿನ ಆಪರೇಟಿಂಗ್ ಸಿಸ್ಟಮ್ ಹಳೆಯದು, ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಒತ್ತಿದೆ. ಒಂದು ಚಕ್ರ ಸುತ್ತಿ ಸುತ್ತಿ ನಿಂತು, ಹೊಸ ಅಪ್‌ಡೇಟ್ ಯಾವುದೂ ಇಲ್ಲ ಎಂದು ಹೇಳಿತು. ಅದರ ಕೆಳಗೆ ಕೊನೆಯ ಸುರಕ್ಷತಾ ಅಪ್‌ಡೇಟಿನ ತಾರೀಖು ಇತ್ತು. ಮೂರು ವರ್ಷ ಹಿಂದಿನದು. ಫೋನಿನ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ, ಬ್ಯಾಟರಿ ರಾತ್ರಿಯವರೆಗೂ ಬರುತ್ತಿತ್ತು.

ಕೊಳ್ಳುವಾಗ ಅಪ್‌ಡೇಟ್ ಬರುತ್ತಲೇ ಇರುತ್ತದೆ ಅಂದಿದ್ದರಂತೆ. ಬಂದದ್ದು ಒಂದೇ ಸಲ, ಅದೂ ತಡವಾಗಿ. ಕಂಪನಿಯ ಹೆಸರು ಇಲ್ಲಿ ಬೇಡ. ವಿಷಯವನ್ನು ವಿವರಿಸಿದಾಗ ಅಕ್ಕ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. "ಅಲ್ಲೋ ತಮ್ಮಾ, ಅಷ್ಟು ದಿನ ಅವರೇನು ಮಾಡ್ತಿದ್ರು?"

ಒಳ್ಳೆಯ ಪ್ರಶ್ನೆ. ಮಂಡಿಪೇಟೆಯಲ್ಲಿ ಬಹಳ ವರ್ಷ ಡಿ.ಟಿ.ಪಿ. ಅಂಗಡಿ ನಡೆಸಿದವನು ನಾನು. ಕಂಪ್ಯೂಟರಿನ ಹೊಸ ಆವೃತ್ತಿಗಾಗಿ ಕಾಯುವುದು ನನಗೆ ಹೊಸದಲ್ಲ. ಆದರೆ ಕಾಯಿಸುವವರು ಆಗ ಎಲ್ಲಿದ್ದರು, ಅವರ ಕೈ ಯಾವ ಕೆಲಸದಲ್ಲಿತ್ತು ಎಂದು ಹುಡುಕುತ್ತ ಹೋದರೆ ಅರವತ್ತು ವರ್ಷದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

1964ರ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಕಂಪನಿ ಸಿಸ್ಟಮ್/360 ಎಂಬ ಕಂಪ್ಯೂಟರುಗಳ ಸಾಲನ್ನೇ ಪ್ರಕಟಿಸಿತು. ಸಣ್ಣ ಯಂತ್ರಕ್ಕೆ ಬರೆದ ಪ್ರೋಗ್ರಾಮ್ ದೊಡ್ಡ ಯಂತ್ರದಲ್ಲೂ ನಡೆಯಬೇಕು ಎಂಬುದು ಅದರ ಹಿಂದಿನ ಆಲೋಚನೆ. ಯಂತ್ರಗಳು ಬಂದವು. ಅವನ್ನು ನಡೆಸಬೇಕಾದ ಓಎಸ್/360 ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೆಲಸ ಹಿಂದೆ ಬಿದ್ದಂತೆಲ್ಲ ಜನರನ್ನು ಸೇರಿಸಿದರು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ತೊಡಗಿದ್ದರು. ಗಿರಾಕಿಗಳ ಕೈ ಬರಿದಾಗಬಾರದೆಂದು ನಡುವೆ ಚಿಕ್ಕಪುಟ್ಟ ಬದಲಿ ವ್ಯವಸ್ಥೆಗಳನ್ನು ಕಟ್ಟಿ ಕೊಟ್ಟರು. ಆ ಯೋಜನೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್, ಆಮೇಲೆ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಆಳು ಹಾಕಿದರೆ ಅದು ಇನ್ನೂ ತಡವಾಗುತ್ತದೆ ಎಂದು ಅವರು ಕಂಡುಕೊಂಡದ್ದು ಈಗ ಅವರ ಹೆಸರಿನ ನಿಯಮವೇ ಆಗಿದೆ. ಹೊಸಬರಿಗೆ ಹಳಬರು ಕಲಿಸುತ್ತ ಕೂರಬೇಕು, ಒಬ್ಬೊಬ್ಬರೂ ಉಳಿದವರೊಡನೆ ಮಾತಾಡಿಕೊಳ್ಳಬೇಕು, ದಿನ ಅಲ್ಲೇ ಸವೆಯುತ್ತದೆ. ಇಂಥ ತಡವನ್ನು ನಾನು ಆಕ್ಷೇಪಿಸುವುದಿಲ್ಲ. ಅವರೇನು ಮಾಡುತ್ತಿದ್ದರು ಎಂದರೆ, ಮೈಮುರಿದು ಅದೇ ಕೆಲಸ ಮಾಡುತ್ತಿದ್ದರು.

1983ರ ನವೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಬಿಲ್ ಗೇಟ್ಸ್ ವಿಂಡೋಸ್ ಬರುತ್ತದೆಂದು ಸಾರಿದರು. ಅದು ಬಂದದ್ದು 1985ರ ನವೆಂಬರಿನಲ್ಲಿ. ಇಂಥ ಸರಕನ್ನು ಆ ಕಾಲದವರು ವೇಪರ್‌ವೇರ್ ಎಂದು ಕರೆದರು, ಅಂದರೆ ಹಬೆಯ ಸರಕು. ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಆ್ಯಪಲ್ ಕಂಪನಿಯ ಕೋಪ್‌ಲೆಂಡ್ ಕಥೆ ಇದಕ್ಕಿಂತ ದುಃಖದ್ದು. ಮ್ಯಾಕ್ ಕಂಪ್ಯೂಟರುಗಳ ಹಳೆಯ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮ್ ಕೆಟ್ಟು ನಿಂತರೆ ಇಡೀ ಯಂತ್ರವೇ ನಿಲ್ಲುತ್ತಿತ್ತು. ಇದನ್ನು ಸರಿಪಡಿಸುವ ಹೊಸ ವ್ಯವಸ್ಥೆಗೆ ಅಮೆರಿಕದ ಸಂಗೀತಗಾರ ಆರನ್ ಕೋಪ್‌ಲೆಂಡ್ ಅವರ ಹೆಸರಿಟ್ಟು 1994ರಲ್ಲಿ ಘೋಷಿಸಿದರು. ಕಂಪನಿಯೊಳಗಿನ ಒಂದೊಂದು ಗುಂಪೂ ತನ್ನ ಕನಸನ್ನು ಅದರಲ್ಲಿ ತುರುಕುತ್ತ ಹೋಯಿತು. ಎಲ್ಲವನ್ನೂ ಜೋಡಿಸಿ ನಿಲ್ಲಿಸುವುದು ಸಾಧ್ಯವಾಗಲೇ ಇಲ್ಲ. 1996ರಲ್ಲಿ ತಂತ್ರಜ್ಞಾನದ ಮುಖ್ಯಸ್ಥೆಯಾಗಿ ಬಂದ ಎಲನ್ ಹ್ಯಾನ್‌ಕಾಕ್ ಕೆಲವೇ ವಾರಗಳಲ್ಲಿ, ಇದು ದಡ ಸೇರುವುದಿಲ್ಲ ಎಂದು ತೀರ್ಮಾನಿಸಿದರು. ಕೋಪ್‌ಲೆಂಡ್ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ್ಯಪಲ್, ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ನೆಕ್ಸ್ಟ್‌ನ ವ್ಯವಸ್ಥೆಯ ತಳಪಾಯದ ಮೇಲೆ ಎದ್ದ ಮ್ಯಾಕ್ ಓಎಸ್ ಟೆನ್ ಮಾರುಕಟ್ಟೆಗೆ ಬಂದದ್ದು 2001ರ ಮಾರ್ಚ್ 24ಕ್ಕೆ. ಮ್ಯಾಕ್ ನೆಚ್ಚಿಕೊಂಡವರು ಏಳು ವರ್ಷ ಕಾದಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನ್ನ ಅಂಗಡಿಯೊಳಕ್ಕೆ ಬಂದ ಚರಿತ್ರೆ. ಆವರೆಗೆ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ವೇಷ ಹಾಕಿಕೊಂಡು ಕೂತಿರುತ್ತಿದ್ದವು. ಅದೇ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಮದುವೆ ಪತ್ರಿಕೆಯೆಲ್ಲ ಚಿಹ್ನೆಗಳ ರಾಶಿ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಇತ್ತು, ತುಂಗಾ ಎಂಬ ಫಾಂಟ್ ಜೊತೆಗೇ ಬಂದಿತ್ತು. ಆದರೆ ತಾನಾಗಿ ಏಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಆಗ ಅದು ಎಕ್ಸ್‌ಪಿಯ ಸಿ.ಡಿ. ಕೇಳುತ್ತದೆ. ಸಿ.ಡಿ. ಹಾಕಿ, ಮತ್ತೆ ಆನ್ ಮಾಡಿ, 'ಸ್ವಾತಂತ್ರ್ಯ' ಎಂದು ಬೆರಳಚ್ಚು ಮಾಡಿದೆ. ತಕಾರದ ಕೆಳಗೆ ರ ಒತ್ತು, ಅದರ ಪಕ್ಕ ಯ ಒತ್ತು, ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಪಕ್ಕದ ಬೈಂಡಿಂಗ್ ಅಂಗಡಿಯವರನ್ನು ಕೂಗಿ ಕರೆದು ತೋರಿಸಿದ್ದು ನೆನಪಿದೆ. ಹೊಸ ಆವೃತ್ತಿಯೊಂದು ಬರುವುದು ಎಂದರೆ ನಮ್ಮಂಥವರಿಗೆ ಏನು ಎಂಬುದಕ್ಕೆ ಇದನ್ನು ಹೇಳಿದೆ.

ಎಕ್ಸ್‌ಪಿಯ ಒಳಹೆಸರು ವಿಸ್ಲರ್. ಅದರ ನಂತರದ ದೊಡ್ಡ ಆವೃತ್ತಿಯ ಹೆಸರು ಬ್ಲ್ಯಾಕ್‌ಕೋಂಬ್. ಎರಡೂ ಕೆನಡಾದ ಹಿಮಬೆಟ್ಟಗಳು. ಈ ಎರಡರ ನಡುವೆ ಒಂದು ಚಿಕ್ಕ ಆವೃತ್ತಿ ತರೋಣವೆಂದು ಮೈಕ್ರೋಸಾಫ್ಟ್ ಯೋಚಿಸಿ, ಆ ಬೆಟ್ಟಗಳ ಮಧ್ಯೆ ಇರುವ ಒಂದು ಬಾರಿನ ಹೆಸರನ್ನು ಅದಕ್ಕೆ ಇಟ್ಟಿತು: ಲಾಂಗ್‌ಹಾರ್ನ್. ದಾರಿಯಲ್ಲಿ ಒಂದು ಗಳಿಗೆ ಕೂತು ಹೋಗುವ ಜಾಗ ಎಂಬ ಅರ್ಥದಲ್ಲಿ. ಆ ಒಂದು ಗಳಿಗೆ ಐದು ವರ್ಷವಾಯಿತು.

ಆದದ್ದಿಷ್ಟು. ಫೈಲುಗಳನ್ನು ಇಡುವ ಹೊಸ ಬಗೆ, ಪರದೆಯನ್ನು ಚಿತ್ರಿಸುವ ಹೊಸ ಬಗೆ ಎಂದು ಲಾಂಗ್‌ಹಾರ್ನ್ ಉಬ್ಬುತ್ತ ಹೋಯಿತು. ಅಷ್ಟರಲ್ಲಿ 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಜಗತ್ತಿನ ಕಂಪ್ಯೂಟರುಗಳಿಗೆ ಹರಡಿತು. ಒಂದು ನಿಮಿಷದಲ್ಲಿ ಯಂತ್ರ ಬಂದಾಗುತ್ತದೆ ಎಂಬ ಡಬ್ಬಿ ಪರದೆಯ ಮೇಲೆ ಬಂದು ಅರವತ್ತರಿಂದ ಕೆಳಕ್ಕೆ ಎಣಿಸುತ್ತಿತ್ತು, ಹಲವರಿಗೆ ನೆನಪಿರಬಹುದು. ಮೈಕ್ರೋಸಾಫ್ಟ್ ತನ್ನ ಇಂಜಿನಿಯರುಗಳನ್ನು ಎಕ್ಸ್‌ಪಿಯ ರಕ್ಷಣೆಗೆ ತಿರುಗಿಸಿತು. 2004ರ ಆಗಸ್ಟಿನಲ್ಲಿ ಸರ್ವಿಸ್ ಪ್ಯಾಕ್ 2 ಬಂತು, ಪುಕ್ಕಟೆಯಾಗಿ. ಅದೇ ತಿಂಗಳು ಲಾಂಗ್‌ಹಾರ್ನ್ ಕೆಲಸದ ಬಹುಭಾಗವನ್ನು ಪಕ್ಕಕ್ಕಿಟ್ಟು ಬೇರೆ ತಳಪಾಯದಿಂದ ಕಂಪನಿ ಮತ್ತೆ ಶುರುಮಾಡಿತು. ಅದು ವಿಸ್ಟಾ ಎಂಬ ಹೆಸರಿನಲ್ಲಿ ಮನೆಬಳಕೆಗೆ ಬಂದದ್ದು 2007ರ ಜನವರಿ 30ಕ್ಕೆ.

ಸುರಕ್ಷತೆಗಾಗಿ ಜನರನ್ನು ತಿರುಗಿಸಿದ್ದು ಸರಿಯೇ. ಮನೆಗೆ ಬೆಂಕಿ ಬಿದ್ದಾಗ ಮಹಡಿ ಕಟ್ಟುತ್ತ ಕೂರುವವರುಂಟೇ? ಆದರೆ ದೊಡ್ಡ ಗಿರಾಕಿಗಳಿಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಎಂಬ ಕರಾರನ್ನು ಮಾರಿದ್ದೂ ಇದೇ ಕಾಲದಲ್ಲಿ. ಮೊದಲೇ ದುಡ್ಡು ಕಟ್ಟಿ, ಅವಧಿಯೊಳಗೆ ಬರುವ ಹೊಸ ಆವೃತ್ತಿ ನಿಮ್ಮದು ಎಂಬ ಲೆಕ್ಕ. ಮೂರು ವರ್ಷಕ್ಕೆ ಕಟ್ಟಿದ ಎಷ್ಟೋ ಸಂಸ್ಥೆಗಳಿಗೆ ಅವಧಿ ಮುಗಿದರೂ ಹೊಸ ವಿಂಡೋಸ್ ಬರಲಿಲ್ಲ. ಆ ದೂರು ನ್ಯಾಯವಾದದ್ದು.

ಈಗ 2007ಕ್ಕೆ ಬರೋಣ. ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದರು. ಅಂದೇ ಇನ್ನೊಂದು ಪ್ರಕಟಣೆಯೂ ಆಯಿತು. ಆ್ಯಪಲ್ ಕಂಪ್ಯೂಟರ್ ಎಂದಿದ್ದ ಕಂಪನಿಯ ಹೆಸರಿನಿಂದ 'ಕಂಪ್ಯೂಟರ್' ಎಂಬ ಪದ ಹೋಯಿತು. ಬರೀ ಆ್ಯಪಲ್. ಮ್ಯಾಕ್ ಬಳಸುವವರು ಆಗ ಲೆಪರ್ಡ್ ಎಂಬ ಆವೃತ್ತಿಗಾಗಿ ಕಾಯುತ್ತಿದ್ದರು. ಅದರ ಹಿಂದಿನ ಆವೃತ್ತಿ ಟೈಗರ್ ಬಂದು ಎರಡು ವರ್ಷವಾಗುತ್ತಿತ್ತು. ಲೆಪರ್ಡ್ ವಸಂತದಲ್ಲಿ ಬರುತ್ತದೆಂದು ಹಿಂದಿನ ಆಗಸ್ಟಿನಲ್ಲೇ ಹೇಳಿದ್ದರು.

ಏಪ್ರಿಲ್ 12ಕ್ಕೆ ಚಿಕ್ಕದೊಂದು ಹೇಳಿಕೆ ಹೊರಬಿತ್ತು. ಐಫೋನನ್ನು ಜೂನ್ ಕೊನೆಗೆ ಮುಗಿಸಲೇಬೇಕು, ಅದಕ್ಕಾಗಿ ಮ್ಯಾಕ್ ತಂಡದ ಕೆಲವು ಮುಖ್ಯ ಇಂಜಿನಿಯರುಗಳನ್ನೂ ಪರೀಕ್ಷಕರನ್ನೂ ಎರವಲು ಪಡೆಯಬೇಕಾಯಿತು, ಹಾಗಾಗಿ ಲೆಪರ್ಡ್ ಅಕ್ಟೋಬರಿಗೆ ಹೋಗುತ್ತದೆ ಎಂಬುದು ಅದರ ಸಾರ. ಸಿಟ್ಟಾದವರು ಬಹಳ ಮಂದಿ. ನನಗೆ ಮಾತ್ರ ಈ ಹೇಳಿಕೆ ಬೇರೆ ಕಾರಣಕ್ಕೆ ಮುಖ್ಯ. ಕೆಲಸ ಕಷ್ಟವಾಯಿತು ಎಂಬ ಹೊದಿಕೆ ಹೊದಿಸದೆ, ಆಳುಗಳನ್ನು ಬೇರೆ ಗದ್ದೆಗೆ ಕಳಿಸಿದೆವು ಎಂದು ಒಂದು ದೊಡ್ಡ ಕಂಪನಿ ಬಾಯಿಬಿಟ್ಟು ಹೇಳಿತ್ತು. ಐಫೋನಿನ ಒಳಗಿದ್ದದ್ದೂ ಮ್ಯಾಕ್ ಬುಡದಿಂದಲೇ ಕಡೆದ ವ್ಯವಸ್ಥೆ. ಆ ಕೆಲಸ ಬಲ್ಲವರು ಮ್ಯಾಕ್ ತಂಡದಲ್ಲಿಯೇ ಇದ್ದರು. ಜೂನ್ 29ಕ್ಕೆ ಐಫೋನ್, ಅಕ್ಟೋಬರ್ 26ಕ್ಕೆ ಲೆಪರ್ಡ್, ಎರಡೂ ಹೇಳಿದ ತಿಂಗಳಿಗೇ ಬಂದವು. ಮೊದಲ ವಾರಾಂತ್ಯದಲ್ಲೇ ಲೆಪರ್ಡ್‌ನ 20 ಲಕ್ಷ ಪ್ರತಿ ಹೋಯಿತು. ಮುಂದೆ ಕೆಲವೇ ವರ್ಷಗಳಲ್ಲಿ ಕಂಪನಿಯ ಆದಾಯದ ಅರ್ಧದಷ್ಟು ಐಫೋನಿನಿಂದಲೇ ಬರತೊಡಗಿತು. ಆ ಏಪ್ರಿಲ್‌ನಲ್ಲಿ ಎರವಲು ಎಂದು ಬರೆದದ್ದು, ಗಮನವೇ ಬೇರೆ ಕಡೆ ಹರಿಯತೊಡಗಿದ್ದರ ಗುರುತಾಗಿತ್ತು.

ಕನ್ನಡದ ಮಾತನ್ನೂ ಇಲ್ಲಿ ಸೇರಿಸುತ್ತೇನೆ. ವಿಂಡೋಸ್‌ನಲ್ಲಿ 2001ಕ್ಕೆ ಬಂದ ಕನ್ನಡ ಮ್ಯಾಕ್‌ನ ಜೊತೆಗೇ ಬಂದದ್ದು 2011ರ ಲಯನ್ ಆವೃತ್ತಿಯಲ್ಲಿ. ಹತ್ತು ವರ್ಷದ ಅಂತರ. ಆದ್ಯತೆಯ ಪಟ್ಟಿಯಲ್ಲಿ ಯಾರು ಎಷ್ಟನೆಯವರು ಎಂಬುದು ಇಂಥ ತಾರೀಖುಗಳಲ್ಲಿ ತಿಳಿಯುತ್ತದೆ.

ತಡವನ್ನು ಗೌರವದಿಂದ ಹೇಳಿದವರೂ ಇದ್ದಾರೆ. ಉಬುಂಟು ಎಂಬ ಲಿನಕ್ಸ್ ಆರು ತಿಂಗಳಿಗೊಮ್ಮೆ ಬರುತ್ತೇನೆಂದು ಮಾತು ಕೊಟ್ಟಿತ್ತು. 2006ರ ಏಪ್ರಿಲ್‌ನಲ್ಲಿ ಬರಬೇಕಾದ ಆವೃತ್ತಿಗೆ ಆರು ವಾರ ಹೆಚ್ಚು ಬೇಕೆನಿಸಿದಾಗ ಮುಖ್ಯಸ್ಥ ಮಾರ್ಕ್ ಷಟಲ್‌ವರ್ತ್ ಅದನ್ನು ಎಲ್ಲರ ಮುಂದೆ ಚರ್ಚೆಗಿಟ್ಟರು. ಕಾರಣ ಹೇಳಿ, ಮಾತು ಕೇಳಿ, ಆಮೇಲೆ ಮುಂದೂಡಿದರು. ಜೂನ್ 1ಕ್ಕೆ ಬಂತು.

ಇನ್ನು ಅಕ್ಕನ ಫೋನು. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಕವಳ್ಳಿಯಲ್ಲಿ ನೀರು ಬಿಟ್ಟರು ಎಂದು ಪೇಪರಿನಲ್ಲಿ ಓದುತ್ತೇವೆ, ಗದ್ದೆಗೆ ಬರುವ ಹೊತ್ತಿಗೆ ಸಸಿ ಒಣಗಿರುತ್ತದೆ. ಆಂಡ್ರಾಯ್ಡ್ ಅಪ್‌ಡೇಟಿನ ದಾರಿಯೂ ಹೀಗೇ. ಗೂಗಲ್ ಹೊಸ ಆವೃತ್ತಿ ಬಿಡುತ್ತದೆ. ಚಿಪ್ ಮಾಡುವವರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿ ತನ್ನ ಅಲಂಕಾರ ಸೇರಿಸಿ ಪರೀಕ್ಷಿಸಬೇಕು. ಮಾರಿ ಮುಗಿದ ಅಗ್ಗದ ಫೋನಿಗಾಗಿ ಯಾರು ಇಂಜಿನಿಯರನ್ನು ಕೂರಿಸುತ್ತಾರೆ? ಅವರೆಲ್ಲ ಮುಂದಿನ ಮಾಡೆಲ್‌ನ ಕೆಲಸದಲ್ಲಿರುತ್ತಾರೆ. ಇದನ್ನು ಸರಿಪಡಿಸಲು ಗೂಗಲ್ 2014ರ ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್ ಒನ್ ಯೋಜನೆಯನ್ನು ಶುರುಮಾಡಿದ್ದು ನಮ್ಮ ದೇಶದಲ್ಲೇ, ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಜೊತೆ. 2017ರಲ್ಲಿ ಆಂಡ್ರಾಯ್ಡ್ 8ರೊಂದಿಗೆ ಪ್ರಾಜೆಕ್ಟ್ ಟ್ರೆಬಲ್ ಬಂತು. ಚಿಪ್ಪಿನವರ ಭಾಗವನ್ನು ಮುಟ್ಟದೆ ಮೇಲಿನ ಭಾಗವನ್ನು ಬದಲಿಸಲು ಅದು ದಾರಿ ಮಾಡಿತು. 2023ರಲ್ಲಿ ಗೂಗಲ್, 2024ರಲ್ಲಿ ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಹೇಳಿದವು. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಇದು ಕಾನೂನಿನ ವಿಷಯವಾಗಿದೆ. ಅಪ್‌ಡೇಟುಗಳ ಲೆಕ್ಕವನ್ನು ಅಲ್ಲಿ ಆ ಮಾಡೆಲ್‌ನ ಮಾರಾಟ ನಿಂತ ದಿನದಿಂದ ಹಿಡಿಯುತ್ತಾರೆ, ಕನಿಷ್ಠ ಐದು ವರ್ಷ. ಬಿಡುಗಡೆಯಾದ ದಿನದಿಂದ ಎಣಿಸಿದರೆ, ಎರಡು ವರ್ಷ ತಡವಾಗಿ ಕೊಂಡವರಿಗೆ ಎರಡು ವರ್ಷ ಹೋದಂತೆಯೇ.

ಅಕ್ಕನಿಗೆ ಹೊಸ ಫೋನ್ ಕೊಳ್ಳಲು ಇಬ್ಬರೂ ಅಂಗಡಿಗೆ ಹೋದೆವು. ಹುಡುಗ ಕ್ಯಾಮೆರಾ ತೋರಿಸಿದ, ಬಣ್ಣ ತೋರಿಸಿದ. ಅಕ್ಕ ಎಲ್ಲ ಕೇಳಿಸಿಕೊಂಡು, "ಅಪ್ಪಾ, ಇದಕ್ಕೆ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತೆ?" ಅಂದಳು. ಹುಡುಗ ಮಾಲೀಕರ ಮುಖ ನೋಡಿದ. ಮಾಲೀಕರು ಡೀಲರಿಗೆ ಫೋನ್ ಮಾಡಿದರು, ಡೀಲರು ಇನ್ಯಾರನ್ನೋ ಕೇಳಿ ಹೇಳುತ್ತೇನೆಂದರು. ಇಪ್ಪತ್ತು ನಿಮಿಷ ಕಾದೆವು. ಕೊನೆಗೆ ಉತ್ತರ ಬಂತು. "ಬಾಯಲ್ಲಿ ಬೇಡ, ಬರೆದುಕೊಡಿ" ಅಂದಳು ಅಕ್ಕ. ಮಾಲೀಕರು ಬಿಲ್ಲಿನ ಹಿಂದೆ ಬಾಲ್‌ಪೆನ್ನಿನಲ್ಲಿ ತಿಂಗಳು, ವರ್ಷ ಬರೆದು, ಅಂಗಡಿಯ ಸೀಲು ಒತ್ತಿ ಕೊಟ್ಟರು. ಆ ಬಿಲ್ಲು ಈಗ ಮಲೇಬೆನ್ನೂರಿನಲ್ಲಿ, ಅವಳ ಪಾಸ್‌ಬುಕ್ಕಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬೀರುವಿನಲ್ಲಿದೆ.