ಫ್ರೆಂಚ್ ಕೆತ್ತನೆ ಕುರ್ಚಿ: ಉಳಿಯಿಂದ ವರಕಿನವರೆಗೆ

ದಖ್ಖನಿನ ದರ್ಬಾರುಗಳು ಗಾದಿ-ಲೋಡುಗಳ ದರ್ಬಾರುಗಳಾಗಿದ್ದು, ಈ ಸೀಮೆಯಲ್ಲಿ ಕುರ್ಚಿಯ ಬಳಕೆ ಹೆಚ್ಚಿದ್ದು ಬಹುಮಟ್ಟಿಗೆ ಯುರೋಪಿನ ಅಧಿಕಾರಿಗಳಿಂದ. ಅಂಥ ಅಧಿಕಾರಿಗಳಲ್ಲೊಬ್ಬನಾದ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಿಕೊಳ್ಳುತ್ತ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಕಟ್ಟಿಸಿಕೊಂಡ 1840ರ ದಶಕದ ಹೊತ್ತಿಗೆ, ಪ್ಯಾರಿಸ್ಸಿನ ಕೆತ್ತನೆ ಕುರ್ಚಿಯ ಏಳಿಗೆಯ ಕಾಲ ಮುಗಿದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು.

ಆ ಏಳಿಗೆ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಆಳ್ವಿಕೆಯದು (1715–1774). ಮೇಲೆ ಮೊಣಕಾಲಿನಂತೆ ಉಬ್ಬಿ, ನಡುವೆ ಒಳಬಾಗಿ, ಪಾದದಲ್ಲಿ ಸುರುಳಿಗೊಳ್ಳುವ ಕಾಲು ಅದರ ಗುರುತು. ಕಟ್ಟಿಗೆಯನ್ನು ಬಗ್ಗಿಸದೆ, ದಪ್ಪ ತೊಲೆಯಿಂದಲೇ ಈ ಬಾಗನ್ನು ಕಡಿದು ತೆಗೆಯುತ್ತಿದ್ದರು. ಹೆಂಗಸರ ಅಗಲವಾದ ಲಂಗಗಳಿಗೆ ಎಡೆಯಾಗಲೆಂದು ಕೈಯಾಸರೆಯ ಕಂಬಗಳು ಹಿಂದಕ್ಕೆ ಸರಿದವು. ಬಣ್ಣ ಅಥವಾ ಬಂಗಾರ ಬಳಿಯುವ ಕುರ್ಚಿಗೆ ಬೀಚ್ ಮರವನ್ನೂ, ಮೈ ಕಾಣುವಂತೆ ಬಿಡುವುದಕ್ಕೆ ಆಕ್ರೋಟು ಮರವನ್ನೂ ಹೆಚ್ಚಾಗಿ ಆರಿಸುತ್ತಿದ್ದರು.

ಇಂಥ ಕುರ್ಚಿ ಒಬ್ಬ ಬಡಿಗನ ಕೆಲಸವಾಗಿರಲಿಲ್ಲ. ಚೌಕಟ್ಟು ಕೂಡಿಸುವವನು, ಹೂಬಳ್ಳಿ ಕೆತ್ತುವವನು, ಬಂಗಾರ ಹಚ್ಚುವವನು, ಮೆತ್ತೆ ಹೊಲಿಯುವವನು ಬೇರೆ ಬೇರೆಯಾಗಿದ್ದು, ಪ್ಯಾರಿಸ್ಸಿನ ಕಸಬುದಾರ ಸಂಘಗಳು ಈ ಗಡಿಗಳನ್ನು ಕಟ್ಟುನಿಟ್ಟಾಗಿ ಕಾಯುತ್ತಿದ್ದವು. ಚೌಕಟ್ಟಿನ ಮೇಲೆ ಕಬ್ಬಿಣದ ಅಚ್ಚಿನಿಂದ ತನ್ನ ಹೆಸರೊತ್ತುವ ನಿಯಮ ಬಡಿಗನಿಗಿದ್ದುದರಿಂದ ಅವನ ಹೆಸರು ಉಳಿಯಿತು. ಕಣ್ಣು ಸೆಳೆಯುವ ಹೂವನ್ನು ಕೆತ್ತಿದವನ ಹೆಸರು ಹೆಚ್ಚಿನ ಕುರ್ಚಿಗಳಲ್ಲಿ ಇಲ್ಲ, ಇದು ಅನ್ಯಾಯವೇ ಸರಿ.

ಬಂಗಾರದ ಕೆಲಸವಂತೂ ತಾಳ್ಮೆಯದು. ಸೀಮೆಸುಣ್ಣದ ಪುಡಿಯನ್ನು ತೊಗಲಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿದಾಗ ಕೆತ್ತನೆಯ ಗೆರೆಗಳು ಮುಚ್ಚಿಹೋಗುತ್ತಿದ್ದವು. ಅವನ್ನು ಸಣ್ಣ ಕೊಕ್ಕೆಗಳಿಂದ ಮತ್ತೆ ಕೊರೆದು, ನುಣ್ಣನೆಯ ಕೆಮ್ಮಣ್ಣು ಹಚ್ಚಿ, ನೀರು ಸವರಿ, ವರಕನ್ನು ಕೂರಿಸಿ, ಹಕೀಕು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಗರುಡಾದ್ರಿ ಮನೆತನದ ಹೆಸರಿನೊಂದಿಗೆ ಬೆಸೆದುಕೊಂಡ ಸುರಪುರದ ಚಿತ್ರಗಳಲ್ಲಿನ ಬಂಗಾರದ ಕೆಲಸವನ್ನು ನೋಡಿದವರಿಗೆ ಈ ಜಾಣ್ಮೆ ಅಪರಿಚಿತವೆನಿಸದು. ಮರದ ಮಟ್ಟಿಗೆ ಹೆಚ್ಚು ಹತ್ತಿರದ ಹೋಲಿಕೆ ಕೊಪ್ಪಳದ ಬಳಿಯ ಕಿನ್ನಾಳದ್ದು: ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವೆಂಬ ಲೇಪ ಮೆತ್ತಿ, ಅರಳೆಯ ತುಣುಕು ಅಂಟಿಸಿ, ಕಲ್ಲಪುಡಿಯ ಲೇಪದಿಂದ ಆಭರಣಗಳನ್ನು ಉಬ್ಬಿಸಿ, ಬಳಿಕ ಬಣ್ಣ ಹಚ್ಚುತ್ತಾರೆ. ಪ್ಯಾರಿಸ್ಸಿನಲ್ಲಿ ಬೇರೆ ಬೇರೆ ಕಸಬುದಾರರಿಗೆ ಹಂಚಿಹೋಗಿದ್ದ ಕೆತ್ತನೆ ಮತ್ತು ಲೇಪನ ಇಲ್ಲಿ ಒಂದೇ ಮನೆತನದ ಕಸಬು.

1791ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಸಂಘಗಳನ್ನು ರದ್ದುಮಾಡಿದ ಮೇಲೆ ಈ ಗಡಿಗಳು ಅಳಿದವು. 1765ರಲ್ಲಿ ಸಂಘದ ಮೇಸ್ತ್ರಿ ಪದವಿ ಪಡೆದಿದ್ದ ಕುರ್ಚಿ ಬಡಿಗ ಜಾರ್ಜ್ ಜಾಕೋಬ್‌ನ ಮಕ್ಕಳು ಮುಂದೆ ನೆಪೋಲಿಯನ್ನನ ಕಾಲದಲ್ಲಿ ಎಲ್ಲ ಕಸಬುಗಳನ್ನೂ ಒಂದೇ ಕಾರ್ಖಾನೆಯೊಳಗೆ ತಂದರು. ಆದರೆ ಅಲ್ಲಿ ಕೂಡಿದವರು ಕೂಲಿಯಾಳುಗಳು, ಕಿನ್ನಾಳದಂತೆ ಒಂದೇ ಮನೆಯ ತಂದೆ-ಮಕ್ಕಳಲ್ಲ.