ಓದು ಹತ್ತದ ಮಕ್ಕಳು



"ನಮ್ಮ ಹುಡುಗನಿಗೆ ಓದು ಹತ್ತುವುದಿಲ್ಲ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗೆ ಹೇಳುವವರು ಆ ಮಾತಿನ ಜೊತೆಗೇ ಒಂದು ತೀರ್ಪನ್ನೂ ಕೊಟ್ಟುಬಿಟ್ಟಿರುತ್ತಾರೆ: ಹುಡುಗನು ದಡ್ಡ, ಇಲ್ಲವೆ ಸೋಮಾರಿ. ಆದರೆ ಓದು ಹತ್ತದಿರುವುದಕ್ಕೆ ಬೇರೆ ಬೇರೆ ಕಾರಣಗಳುಂಟು. ಒಂದೊಂದಕ್ಕೂ ಮಾಡತಕ್ಕ ಉಪಾಯ ಬೇರೆ. ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ಕೆಡುವುದು ಮಗುವಿನ ಬಾಳು. ಈ ವಿಚಾರವನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನಿವೇದಿಸಬೇಕೆಂದಿದ್ದೇನೆ. ಈ ಸೀಮೆಯನ್ನೇ ಆರಿಸಿದ್ದೇಕೆಂಬುದು ಮುಂದೆ ತಿಳಿಯುವುದು.

ಮೊದಲನೆಯ ಕಾರಣ ನಮ್ಮ ಲಿಪಿಯಲ್ಲಿಯೇ ಇದೆ. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಆದಕಾರಣ ಇಂಗ್ಲಿಷು ಕಲಿಯುವ ಮಗುವಿಗಿರುವ ಕಷ್ಟ ನಮ್ಮ ಮಗುವಿಗಿಲ್ಲವೆಂದು ನಾವು ಹೆಮ್ಮೆ ಪಡುವುದುಂಟು. ಇದು ಅರ್ಧ ಸತ್ಯ. ಇಂಗ್ಲಿಷಿನ ಅಕ್ಷರಗಳು 26. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತದ ರೂಪಗಳೇ 442. ಇವುಗಳ ಮೇಲೆ ಒತ್ತಕ್ಷರಗಳು. "ಅಮ್ಮ" ಎಂಬ ಮಾತು ಮಗುವಿನ ಬಾಯಿಗೆ ಮೊದಲು ಬರುವ ಮಾತು. ಆದರೆ ಅದರ ಮಕಾರದ ಒತ್ತಿಗೂ ಮೂಲ ಮಕಾರಕ್ಕೂ ಹೋಲಿಕೆಯೇ ಇಲ್ಲ. "ಸೂರ್ಯ" ಎನ್ನುವಾಗ ಕಿವಿಗೆ ರೇಫೆಯು ಯಕಾರಕ್ಕಿಂತ ಮೊದಲು ಕೇಳುವುದು. ಬರೆವಣಿಗೆಯಲ್ಲಿ ಅರ್ಕಾವತ್ತು ಯಕಾರದ ಅನಂತರ ಬರುವುದು. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಮತ್ತೊಂದು.

ಇಷ್ಟನ್ನೆಲ್ಲ ಮಗುವು ಒಂದೆರಡು ವರ್ಷಗಳಲ್ಲಿ ಕರಗತ ಮಾಡಿಕೊಳ್ಳಲಾರದು. ಕನ್ನಡ ಕಲಿಯುವ ಮಕ್ಕಳನ್ನು ಪರೀಕ್ಷಿಸಿ ಡಾ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನೇ ತೋರಿಸಿಕೊಟ್ಟಿತು. ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ, ಅದರಾಚೆಗೂ ಬೆಳೆಯುತ್ತಲೇ ಇರುತ್ತದೆ. ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಶಕ್ತಿ ಮೊದಲು ಬರುತ್ತದೆ. ಅಕ್ಷರದೊಳಗಿನ ವ್ಯಂಜನ ಬೇರೆ, ಸ್ವರ ಬೇರೆ ಎಂಬ ಅರಿವು ನಿಧಾನವಾಗಿ ಮೂಡುತ್ತದೆ. ಹೀಗಿರಲು ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತೊಡರಿದರೆ ಅದು ರೋಗವಲ್ಲ, ದಡ್ಡತನವೂ ಅಲ್ಲ. ಆ ಮಗುವಿಗೆ ಬೇಕಾದದ್ದು ಕಾಲ.

ಎರಡನೆಯ ಕಾರಣ ಮನೆಮಾತು. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಆಂಧ್ರದ ಗಡಿಯಲ್ಲಿವೆ. ಮಾಲೂರು ತಮಿಳುನಾಡಿನ ಗಡಿಯಲ್ಲಿದೆ. ಇಲ್ಲಿ ಅನೇಕ ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ತಮಿಳು, ಉರ್ದು. ಶ್ರೀನಿವಾಸಪುರದ ತೋಪಿನಲ್ಲಿ "ಮಾಮಿಡಿ ಪಂಡು" ತಿಂದು ಬೆಳೆದ ಮಗುವು ಶಾಲೆಯ ಪುಸ್ತಕದಲ್ಲಿ "ಮಾವಿನ ಹಣ್ಣು" ಎಂದು ಓದಬೇಕು. ಮನೆಯಲ್ಲಿ "ಚೆಟ್ಟು", ಶಾಲೆಯಲ್ಲಿ "ಮರ". ಅಂಥ ಮಗುವು ಅಕ್ಷರಗಳನ್ನು ಕೂಡಿಸಿ ನಿರರ್ಗಳವಾಗಿ ಓದಿಬಿಡಬಹುದು. ಅರ್ಥವೇನೆಂದು ಕೇಳಿದರೆ ಸುಮ್ಮನೆ ನಿಲ್ಲುವುದು. ಅದಕ್ಕೆ ಬೇಕಾದದ್ದು ಕನ್ನಡದ ಮಾತು. ಮಾತಿನ ಭಂಡಾರ ತುಂಬಿದಂತೆಲ್ಲ ಓದಿಗೆ ಅರ್ಥ ಬರುವುದು. ಬಲ್ಲ ಉಪಾಧ್ಯಾಯರು ಮನೆಮಾತನ್ನೇ ಮೆಟ್ಟಿಲು ಮಾಡಿಕೊಳ್ಳುವರು: ತೆಲುಗಿನ ಪಾಲು ಕನ್ನಡದ ಹಾಲು, ಪಾಮು, ಹಾವು, ಪುಲಿ, ಹುಲಿ. ಪಕಾರವು ಹಕಾರವಾಗುವ ಈ ನಿಯಮವನ್ನು ಆಟವಾಗಿ ಕಲಿಸಿದರೆ ಮಗು ಒಂದೇ ದಿನದಲ್ಲಿ ಹತ್ತು ಮಾತುಗಳನ್ನು ತಾನೇ ಕಂಡುಕೊಳ್ಳುವುದು. ಬೇರೆ ಮನೆಮಾತು ಊನವಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರನ್ನೇ ನಾಡು "ಕನ್ನಡದ ಆಸ್ತಿ" ಎಂದು ಕರೆಯಿತು.

ಮೂರನೆಯ ಕಾರಣವೇ ಡಿಸ್ಲೆಕ್ಸಿಯ. ಓದಿನ ತೊಡಕು ಎನ್ನೋಣ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯರು ಪರ್ಸಿ ಎಂಬ 14 ವರ್ಷದ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಹುಡುಗನು ಚುರುಕು, ಆಟಗಳಲ್ಲಿ ಯಾರಿಗೂ ಹಿಂದಲ್ಲ, ದೊಡ್ಡ ದೊಡ್ಡ ಸಂಖ್ಯೆಗಳನ್ನು ತಡವರಿಸದೆ ಓದುವನು. ಆದರೆ ವರ್ಷಾನುವರ್ಷ ಕಲಿಸಿದರೂ ಸಣ್ಣ ಮಾತುಗಳನ್ನೂ ಓದಲಾರನು. ತನ್ನ ಹೆಸರನ್ನೇ ತಪ್ಪಾಗಿ ಬರೆಯುವನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು.

ಇದನ್ನು ಆಗ ಕಂಡ ಮಾತುಗಳ ನೆನಪಿಗೆ ಸಂಬಂಧಿಸಿದ ದೋಷವೆಂದು ಬಗೆದು "ಪದಾಂಧತೆ" ಎಂದರು. ಇಂದಿನ ತಿಳಿವಳಿಕೆ ಬೇರೆ. ಮುಖ್ಯ ತೊಡಕು ಇರುವುದು ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸಿ ಅಕ್ಷರಕ್ಕೆ ಜೋಡಿಸುವ ಮನೋವ್ಯಾಪಾರದಲ್ಲಿ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇದು ವಂಶದಲ್ಲಿ ಹರಿದುಬರುವುದುಂಟು. ಡಾ. ನಾಗ್ ಅವರು ಮಾರ್ಗರೆಟ್ ಸ್ನೋಲಿಂಗ್ ಅವರೊಡನೆ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡ ಓದಿನಲ್ಲಿ ಹಿಂದುಳಿದ ಮಕ್ಕಳಿಗೂ ಧ್ವನಿಗಳನ್ನು ಬಿಡಿಸುವುದರಲ್ಲಿಯೇ ಕಷ್ಟವಿರುವುದೆಂದು ತೋರಿಸಿತು. ಲಿಪಿ ಬೇರೆಯಾದರೂ ತೊಡಕಿನ ಬೇರು ಒಂದೇ.

ಈಗ ಈ ಮೂವರನ್ನು ಬೇರ್ಪಡಿಸುವುದು ಹೇಗೆ? ಕಣ್ಣು ಕಿವಿಗಳನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಅನಂತರ ಉಪಾಧ್ಯಾಯರು ಒಂದು ಸಣ್ಣ ಕಥೆಯನ್ನು ಮಗುವಿನ ಮನೆಮಾತಿನಲ್ಲಿ ಹೇಳಿ ಪ್ರಶ್ನೆ ಕೇಳಲಿ. ಆಮೇಲೆ ಕನ್ನಡದ ಪಾಠವನ್ನು ಓದಿಸಲಿ. ಓದಬಲ್ಲುದು, ಓದಿದ್ದು ಅರ್ಥವಾಗದು ಎಂದಾದರೆ ಕೊರತೆ ಭಾಷೆಯದು. ಕೇಳಿದ್ದೆಲ್ಲ ಅರ್ಥವಾಗುವುದು, ಓದಲು ಮಾತ್ರ ಆಗದು ಎಂದಾದರೆ, ಅದೂ ಜೊತೆಯ ಮಕ್ಕಳು ಮುಂದೆ ಹೋದಮೇಲೂ ಹಾಗೆಯೇ ಉಳಿದರೆ, ಓದಿನ ತೊಡಕನ್ನು ಶಂಕಿಸಬೇಕು. ನವಿಲು ಎಂಬ ಮಾತಿನಿಂದ ನಕಾರವನ್ನು ತೆಗೆದರೆ ಉಳಿಯುವುದೇನು ಎಂಬಂಥ ಬಾಯಾಟವೂ ಸುಳಿವು ಕೊಡುವುದು. ತೆಲುಗು ಮಗುವಿಗೆ ನೆಮಲಿ ಎಂದೇ ಕೇಳಬೇಕು. ಇದು ಸುಳಿವು ಮಾತ್ರ. ನಿರ್ಣಯವನ್ನು ಬಲ್ಲವರಿಗೆ ಬಿಡಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅಂಥವರಿದ್ದಾರೆ.

ಗಡಿಸೀಮೆಯಲ್ಲಿ ಒಂದು ವಿಶೇಷ ಅಪಾಯವುಂಟು. ತೆಲುಗು ಮಗುವನ್ನು ಭಾಷೆ ಬಾರದ ಮಾತ್ರಕ್ಕೆ ಮಂದಬುದ್ಧಿಯೆಂದು ಬಗೆಯುವುದು ಒಂದು ತಪ್ಪು. "ಮನೆಯಲ್ಲಿ ತೆಲುಗು, ಆದ್ದರಿಂದ ಹೀಗೆ, ತಾನಾಗಿಯೇ ಸರಿಹೋಗುವುದು" ಎಂದು ನಿಜವಾದ ತೊಡಕಿರುವ ಮಗುವನ್ನು ಕಾಯಿಸುವುದು ಎರಡನೆಯದು. ಇದು ಮೊದಲನೆಯದಕ್ಕಿಂತ ಕ್ರೂರ. ಏಕೆಂದರೆ ಈ ತೊಡಕು ಕಾಯುವುದರಿಂದ ಕಳೆಯುವುದಿಲ್ಲ. ನಾಲ್ಕು ವರ್ಷ ಕಾದ ಮಗುವಿಗೆ ಅಕ್ಷರದ ಮೇಲೆ ಹಗೆ ಬೆಳೆದಿರುತ್ತದೆ. ಆಮೇಲೆ ಅದು ಶಾಲೆ ಬಿಟ್ಟು ಟೊಮ್ಯಾಟೊ ತೋಟಕ್ಕೋ ರೇಷ್ಮೆಹುಳುವಿನ ಮನೆಗೋ ಕೆಲಸಕ್ಕೆ ಹೋದರೆ ಅದಕ್ಕೆ ವಿದ್ಯೆ ಹತ್ತಲಿಲ್ಲವೆಂದು ನಾವೇ ಹೇಳುತ್ತೇವೆ.

ತೊಡಕಿಗೆ ಔಷಧವಿಲ್ಲ, ಕಲಿಸುವ ಕ್ರಮವುಂಟು. ಸ್ವಲ್ಪ ಸ್ವಲ್ಪವಾಗಿ, ದಿನವೂ ತಪ್ಪದೆ, ಧ್ವನಿಯನ್ನು ಕಿವಿಗೂ ಆಕಾರವನ್ನು ಕೈಗೂ ಒಟ್ಟಿಗೇ ಕೊಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ ಎಂಬ ಮಾತುಗಳು ಮಗುವಿನ ಕೈಗೆ ಬರುತ್ತವೆ. ತೊಡಕಿರುವ ಮಗುವಿಗೆ ಇದೇ ದಾರಿ, ಇನ್ನೂ ಮೆಲ್ಲಗೆ. ಒಂದೇ ಪಾಠವನ್ನು ನೂರು ಸಲ ನಕಲು ಮಾಡಿಸುವುದರಿಂದ ಕೈ ನೋಯುವುದೇ ಹೊರತು ಓದು ಬಾರದು.

ಕಾನೂನೂ ಇವರ ಪಕ್ಷಕ್ಕೆ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಕಲಿಕೆಯ ಈ ನ್ಯೂನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳಿಗೆ ಅವಕಾಶ ಮಾಡಬೇಕೆಂದು ವಿಧಿಸಿದೆ. ಆದರೆ ಮಗುವನ್ನು ಗುರುತಿಸುವವರೇ ಇಲ್ಲದಿದ್ದರೆ ಕಾನೂನು ಅದರ ಬಾಗಿಲಿಗೆ ತಾನಾಗಿ ಬಾರದು. ಗುರುತಿಸುವವರು ತಾಯಿತಂದೆಗಳು, ಊರ ಶಾಲೆಯ ಉಪಾಧ್ಯಾಯರು. ಓದು ಹತ್ತದ ಮಗು ನಿಮ್ಮ ಮುಂದೆ ನಿಂತಾಗ, ತೀರ್ಪು ಕೊಡುವ ಮುನ್ನ ಅದಕ್ಕೊಂದು ಕಥೆ ಹೇಳಿ, ಪ್ರಶ್ನೆ ಕೇಳಿ ನೋಡಿರೆಂದು ಪ್ರಾರ್ಥಿಸುತ್ತೇನೆ.